ಎರಡೂ ಕಡೆ

ಮೇಯೋ ಹಾಲ್ ಎದುರಿನ ಸಂದಿಯಲ್ಲಿ
ಒಂದು ಮಂಚದಷ್ಟಗಲದ ಜೆರಾಕ್ಸ್ ಅಂಗಡಿ.
ಕೈಯಲ್ಲಿ ನೋಂದಣಿ ಅರ್ಜಿ, ಅದರ ಬಾಲಕ್ಕೆ ಲಗತ್ತುಗಳು:
ಎಂಎಸ್‌ಡಬ್ಲ್ಯು ಪದವಿ, ಆಮೇಲಿನ ಎರಡು ವರ್ಷದ ಎಂಫಿಲ್,
ಎಸ್ಸೆಸ್ಸೆಲ್ಸಿಯ ಶಾರದಮಣಿ, ಆಧಾರಿನ ಶಾರದಾಮಣಿ
ಇಬ್ಬರೂ ಒಬ್ಬಳೇ ಎಂದು ನೋಟರಿಯ ಪ್ರಮಾಣಪತ್ರ.
ಒಂದು ದೀರ್ಘಕ್ಕೆ ಒಂದು ಛಾಪಾಕಾಗದ.

ಪ್ರಾಧಿಕಾರದ ಕಿಟಕಿಯಿಂದ ಮೂರು ಸಲ ಮರಳಿದ್ದೇನೆ.
"ನೀವು ಡಾಕ್ಟರಾ?" ಅಲ್ಲ.
"ನರ್ಸಾ?" ಅಲ್ಲ.
"ಮತ್ತೆ?"
ವಾರ್ಡಿನಲ್ಲೂ ಇದನ್ನೇ ಕೇಳುತ್ತಾರೆ.
ಅಲ್ಲಿ ನಾನು ಉತ್ತರಿಸುವ ಮೊದಲೇ ಅವರಿಗೆ ಅಳು ಬರುತ್ತದೆ,
ಇಲ್ಲಿ ಊಟದ ಹೊತ್ತು.

ಕೊನೆಗೆ, ಗಂಟೆಗಳ ಪುಸ್ತಕ.
ಫ್ಲೋರಿನ್ ಮೇಡಂ ಪುಟಪುಟಕ್ಕೂ ಸಹಿ ಹಾಕಿದ್ದಾರೆ.
ಮಾತಾಡದೆ ಕೂತ ಗಂಟೆಯನ್ನೂ
ಗಂಟೆ ಅಂತಲೇ ಬರಿ ಅಂದವರು ಅವರೇ.

ಅಂಗಡಿಯವನು ತಲೆ ಎತ್ತಿದ.
ಅವನ ಹೆಸರು ನಾನು ಬರೆಯುವಂತಿಲ್ಲ.
ಬೀದಿಯಲ್ಲಿ ಸಿಕ್ಕರೆ ಮೊದಲು ಗುರುತು ಹಿಡಿಯುವುದೋ ಬಿಡುವುದೋ
ಅವರಿಗೆ ಬಿಟ್ಟದ್ದು, ನಾವು ಕಾಯಬೇಕು.
ಇದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ.
ಗೋಡೆಯ ರೇಟುಪಟ್ಟಿ ಓದಿದೆ.
ಮತ್ತೆ ಓದಿದೆ.

"ಎರಡೂ ಕಡೆನಾ?"
"ಹೂಂ."

ಮುಚ್ಚಳದಡಿಯ ಬೆಳಕು ಅತ್ತಿಂದಿತ್ತ ಹೋಗಿ ಬಂತು.
ಹದಿನೇಳನೇ ಪುಟ: ಬಿ ವಾರ್ಡು, ಗಂಡು, ೨೯.
ಅಣ್ಣನ ಜೊತೆ ಮಾತುಕತೆ, ಒಂದು ಗಂಟೆ.
ಮನೆ ಭೇಟಿ, ಕಮ್ಮನಹಳ್ಳಿ, ಎರಡು; ಬಾಗಿಲು ತೆರೆಯಲಿಲ್ಲ.
ಕೆಲಸದ ಮಾತೆತ್ತಿದೆ. ಮೌನ. ನಲವತ್ತು ನಿಮಿಷ.

ಓದಿದನೋ ಇಲ್ಲವೋ.
ಪ್ರತಿಯನ್ನು ಬೆಳಕಿಗೆ ಹಿಡಿದು
"ಮೇಡಂ ಸಹಿ ಅಂಚಲ್ಲಿ ಕಟ್ಟಾಗಿದೆ,
ಇನ್ನೊಂದ್ಸಲ ತೆಗೀತೀನಿ" ಅಂದ.
ಮೇಡಂ ಅಂತ ಅವನಿಗೆ ಹೇಗೆ ಗೊತ್ತು,
ಸಹಿ ಬರೀ ಒಂದು ಸುರುಳಿ.

ಕೆಟ್ಟ ಪ್ರತಿಯನ್ನು ನಾಲ್ಕಾಗಿ ಹರಿದ, ಎಂಟಾಗಿ,
ಕಾಲ ಬಳಿಯ ಬುಟ್ಟಿ ತುಂಬ ಊರವರ ಪಹಣಿ, ಪಾನ್ ಕಾರ್ಡು;
ಚೂರುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ನಲವತ್ತೆರಡು ಪುಟ, ಎಂಬತ್ತನಾಲ್ಕು ರೂಪಾಯಿ.
ಚಿಲ್ಲರೆ ಎಣಿಸಿದ, ಒಂದು ರೂಪಾಯಿಯೂ ಬಿಡಲಿಲ್ಲ,
ನನಗೆ ಸಮಾಧಾನವಾಯಿತು.

ಪಿನ್ನು ಹೊಡೆಯುವಾಗ ಮೇಲಿನ ಹಾಳೆ ನೋಡಿ
"ಶಾರದಾಮಣಿ" ಎಂದು, ದೀರ್ಘ ಎಳೆದೇ, ಓದಿದ.
ಎರಡು ವರ್ಷ ನಾನು ಬರೀ ಅಕ್ಕ.

"ಕಿಟಕಿ ಒಂದೂವರೆಗೆ ಮುಚ್ತಾರೆ.
ಬೇಗ ಹೋಗಿ."