ಕಲ್ಲಾಗಿನ ತಪ್ಪು

ನೆಲಕ್ಕ ಶಾಬಾದಿ, ಮಾಡಿಗೆ ಮಂಗಳೂರ ಹೆಂಚು,
ಗಂಟಿ ಮಾತ್ರ ಹಡಗಿನಾಗ ಬಂದದ್ದು.
ಬೆಟಗೇರಿ ಚರ್ಚಿನ ನಡುವ ನಿಂತು
ಸತ್ಯವಂತ ಮಾಸ್ತರು ಕೈ ಎತ್ತತಾರ:
ಇದು ಗಾಥಿಕ್ ಕಮಾನು, ಮ್ಯಾಲ ನೋಡ್ರಿ.

ನಾ ನೋಡಲಿಲ್ಲ.
ನನ್ನ ಕೈ ದೀಕ್ಷಾಸ್ನಾನದ ಕಲ್ಲಿನ ಮ್ಯಾಲಿತ್ತು.
ಕರಿ ಬಳಪದ ಕಲ್ಲು, ಎಣ್ಣಿ ಸವರಿಧಂಗ ನುಣುಪು,
ನಡುವಿಗೆ ಉಂಗುರ, ಕೆಳಗ ಗಂಟಿಯಂಥ ಹೊಟ್ಟಿ.
ಲಕ್ಕುಂಡಿಯ ಕಂಬ ಒಂದನ್ನ ಗಿಡ್ಡ ಮಾಡಿ
ನೆತ್ತಿಮ್ಯಾಲ ನೀರಿಗೆ ಕುಣಿ ತೋಡಿದಂಗ.
ದೊರಿ ಕೊಟ್ಟ ನಕ್ಷೆಯಾಗ ಹಿಂಗ ಇರಲಿಲ್ಲಂತ.
ಕಲ್ಲುಕುಟಿಗ ಕಾಳಪ್ಪನ ಕೈಗೆ ಗೊತ್ತಿದ್ದದ್ದು ಇದೊಂದ.

ಹಿಂದ, ಬೇವಿನ ಬುಡಕ, ಮೊಳದುದ್ದ ಗೋರಿ.
ಗಂಟಿ ಹೊಡಿಯೋ ರೂತವ್ವ ತೋರಿಸಿದಳು:
ಪಾದ್ರಿಯ ಕೂಸು, ಹನ್ನೊಂದು ದಿನದ್ದು.
‘ನಮ್ಮ ಮಗಳು’ ಅಂತ ಬರದು ಕೊಟ್ಟಿದ್ದರಂತ,
ಕಾಗದದ ಮ್ಯಾಲ ಎರಡು ಕಡೆ ಶಾಯಿ ಹರದಿತ್ತಂತ.
ಓದಲಿಕ್ಕೆ ಬಾರದ ಕಾಳಪ್ಪ
ಕಂಡದ್ದನ್ನೆಲ್ಲಾ ಕಡದ.
ಎರಡು ಕೊಂಬು ಹೆಚ್ಚಾಗಿ
‘ನಮ್ಮ ಮುಗುಳು.’

ತಿದ್ದಲಿಕ್ಕೆ ಚಾಣ ಎತ್ತಿದರ
ಆಕಿ ತಾಯಿ ಬ್ಯಾಡ ಅಂದಳಂತ,
ಮುರುಕು ಕನ್ನಡದಾಗ.

ಇದು ಮಾಸ್ತರ ಪಟ್ಟಿಯೊಳಗ ಇಲ್ಲ.
ಒಳಗ ಅವರಿನ್ನೂ ಕಮಾನು ಎಣಸತಿದ್ದರು.
ಓಣಿಯಾಗ ಒಂದು ಮಗ್ಗ ಶುರುವಾತು, ನಿಂತಿತು,
ಮತ್ತ ಶುರುವಾತು.
ರೂತವ್ವ ಸೆರಗಿಲೆ
ಕೊಂಬಿನಾಗಿನ ಮಣ್ಣು ತಗದಳು.