ಎಡ ಹಿಂದಿನದು

ಬೆಲ್ಲದಚ್ಚಿನಷ್ಟೇ ಇದೆ, ಕಂಪ್ಯೂಟರು.
ಗುದೈಬಿಯಾದ ಗಲ್ಲಿಯಲ್ಲಿ, ಹಳೇ ಲ್ಯಾಪ್‌ಟಾಪಿನಂಗಡಿಯ ಕೋಯಾ
ಮೂವತ್ತೊಂದು ದಿನಾರ್ ಅಂದವನು ಇಪ್ಪತ್ತಾರಕ್ಕೆ ಇಳಿದ.
"ಫ್ಯಾನೇ ಇಲ್ಲ ಚೇಚಿ, ಉಸಿರಾಡಿದ ಸದ್ದೂ ಬರಲ್ಲ."
ಬಾರದ ಸದ್ದಿಗೆ ಚೌಕಾಸಿ ಮಾಡಿ ದುಡ್ಡು ತೆತ್ತದ್ದು
ಇದೇ ಮೊದಲು.

ಐದು ಸ್ಪೀಕರು, ಒಂದು ವೂಫರು.
ಗೋಡೆಗೆ ಮೊಳೆ ಹೊಡೆಯಕೂಡದು, ಬಾಡಿಗೆ ಕರಾರಿನ ಒಂಬತ್ತನೇ ಕಲಮು.
ಹಾಗಾಗಿ ಬಲ ಹಿಂದಿನದು ಫ್ರಿಜ್ಜಿನ ನೆತ್ತಿಗೆ,
ಎಡ ಹಿಂದಿನದು ಇಸ್ತ್ರಿ ಮೇಜಿಗೆ,
ನಡುವಿನದು ಜೋಳದ ಹಿಟ್ಟಿನ ಖಾಲಿ ಡಬ್ಬಿಯ ಮೇಲೆ.
ವೂಫರು ಮಾತ್ರ ನೆಲದಲ್ಲಿ, ಉಂಡು ಮಲಗಿದ ಸೋದರಮಾವನ ಹಾಗೆ.
ವೈರನ್ನು ಜಮಖಾನದಡಿ ಹಾಯಿಸಲು
ಹೊಟ್ಟೆಯ ಮೇಲೆ ತೆವಳಿದ ಗುರುಶಾಂತ, ಸೋಫಾದಡಿಯಿಂದ
ಹೋದ ವರ್ಷ ಕಳೆದ ನನ್ನ ಮೂಗುಬೊಟ್ಟು ಹಿಡಿದು ಹೊರಬಂದ.

ಮೊದಲ ರಾತ್ರಿ ಎದುರಿನ ಎರಡೇ ನುಡಿದವು.
ಹಿಂದಿನವು ಹೊಸ ಬೀಗರಂತೆ ಬಾಯಿ ಬಿಡಲಿಲ್ಲ.
ಸೆಟ್ಟಿಂಗಿನೊಳಗೊಂದು ಸೆಟ್ಟಿಂಗು, ಅದರೊಳಗೊಂದು,
ಈರುಳ್ಳಿ ಸುಲಿದಂತೆ ಸುಲಿದು, ಕಣ್ಣೂ ಉರಿದು,
ಒಂದೂವರೆಗೆ ಸಿಕ್ಕಿತು: ಯಾರೋ ಹಳೇ ಒಡೆಯ
ಆರು ದನಿಯನ್ನೂ ಎರಡಕ್ಕೆ ಹಿಂಡಿಬಿಡು ಎಂದು
ಟಿಕ್ಕು ಹಾಕಿಟ್ಟಿದ್ದ. ತೆಗೆದೆ.

ಇನ್ನು ಅಳತೆ. ಅದು ನನ್ನ ಕಸುಬು.
ಹಗಲೆಲ್ಲ ಗಾಜಿನ ಗೂಡಿನಲ್ಲಿ ಕೂರಿಸಿ
ಅಲ್ಯೂಮಿನಿಯಂ ಕಾರ್ಖಾನೆಯ ಗಂಡಸರ ಕಿವಿ ನೋಡುತ್ತೇನೆ.
ಕೇಳಿದರೆ ಗುಂಡಿ ಒತ್ತಿ, ಕೇಳದಿದ್ದರೆ ಸುಮ್ಮನಿರಿ.
ಕೇಳದಿದ್ದರೂ ಒತ್ತುತ್ತಾರೆ ಹಲವರು,
ನೌಕರಿಯ ಭಯ.
ಗೊತ್ತಾಗುತ್ತದೆ. ಬರೆದುಕೊಳ್ಳುತ್ತೇನೆ.

ಇಶಾದ ಬಾಂಗು ಮುಗಿಯಲೆಂದು ಕಾದೆವು.
ಆಗಸ್ಟಿನಲ್ಲಿ ಏಸಿ ಆರಿಸುವುದೆಂದರೆ
ಹೆಂಚಿನ ಮೇಲೆ ರೊಟ್ಟಿಯಾಗಿ ಬೀಳುವುದು. ಆರಿಸಿದೆ.
ಕುತ್ತಿಗೆಯ ಬೆವರು ಒರೆಸದೆ, ಮೀಟರು ಹಿಡಿದು,
ಅವನ ಕುರ್ಚಿಯಲ್ಲಿ, ಅವನ ತಲೆಯೆತ್ತರಕ್ಕೆ ಕೂತೆ.
ಜರಡಿಯಲ್ಲಿ ಮರಳು ಆಡಿಸಿದಂಥ ಸದ್ದು
ಒಂದೊಂದೇ ಪೆಟ್ಟಿಗೆಯಿಂದ ಬಂತು.
ಐದು ಬೆರಳೂ ಸಮ ಇರೋದಿಲ್ಲ ಅಂತಾರೆ.
ನಾನು ಇರಿಸಿದೆ. ಐದಕ್ಕೂ ಎಪ್ಪತ್ತೈದು.

ಆಮೇಲೆ ಹಾಡು.
ಧ್ವನಿಮುದ್ರಣ ಮಾಡಿದ ಪುಣ್ಯಾತ್ಮ ತಂಬೂರಿಗಳನ್ನು ಹಿಂದಿಟ್ಟಿದ್ದ,
ಕೇಳುವವರನ್ನೇ ಹಾಡುವವರ ಜಾಗದಲ್ಲಿ ಕೂರಿಸಿದ ಹಾಗೆ:
ಎಡಬೆನ್ನಿಗೊಂದು, ಬಲಬೆನ್ನಿಗೊಂದು.
ಗುರುಶಾಂತ ಕಣ್ಣು ಮುಚ್ಚಿದ. ಬಹಳ ಹೊತ್ತು.
"ಭಾಳ ಛಲೋ ಐತಿ. ಒಂದೇ ತಂಬೂರಿ ಇಟ್ಟಾರಲ್ಲ, ಯಾಕ?"

ನಾನು ಇಸ್ತ್ರಿ ಮೇಜಿನತ್ತ ನೋಡಿದೆ.
ನಾಲ್ಕೂ ತಂತಿ ಸ್ಪಷ್ಟ ನುಡಿಯುತ್ತಿತ್ತು ಅದು.

ಹದಿನಾರು ವರ್ಷ, ಅದೇ ಕಾರ್ಖಾನೆಯ ಕುಲುಮೆ ಸಾಲು.
ಅವನ ಕಿವಿಯನ್ನು ನಾನು ನೋಡುವಂತಿಲ್ಲ,
ಮನೆಯವರದ್ದು ಮನೆಯವರು ನೋಡಬಾರದೆಂದು ನಿಯಮ.
ಬೇರೆಯವರು ನೋಡುತ್ತಾರೆ, ನಾರ್ಮಲ್ ಎಂದು ಚೀಟಿ ಬರುತ್ತದೆ.
ಗುಂಡಿ ಒತ್ತುವುದರಲ್ಲಿ ಅವನ ಬೆರಳು ಮೊದಲಿಂದಲೂ ಚುರುಕು.

ಮೊಬೈಲಿನಲ್ಲೇ, ಅವನಿಗೆ ಕಾಣದ ಹಾಗೆ,
ಎಡ ಹಿಂದಿನದನ್ನು ಒಂದು ಡೆಸಿಬೆಲ್ ಏರಿಸಿದೆ.
ಅವನು ಏನೂ ಅನ್ನಲಿಲ್ಲ. ಇನ್ನೆರಡು. ಮತ್ತೆ ಮೂರು.
ಮತ್ತೂ ಮೂರಕ್ಕೆ ಅವನ ಕತ್ತು ಅತ್ತ ಹೊರಳಿತು,
ಸಂತೆಯ ಗದ್ದಲದಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ.
"ಹಾಂ, ಈಗ ಬರೋಬ್ಬರಿ ಆತು ನೋಡು. ಏನ್ ಮಾಡಿದಿ?"
ವೈರು ಸಡಿಲ ಇತ್ತು, ಅಂದೆ.

ಈಗ ನಮ್ಮ ಮನೆಯಲ್ಲಿ ಸಂಗೀತ ಎಡಕ್ಕೆ ವಾಲಿದೆ.
ಅವನ ಕುರ್ಚಿಯಲ್ಲಿ ನಾನು ಕೂತರೆ
ಹಾಡುಗಾರ, ತಬಲಾ, ಕೋಣೆಯೂ ಸೇರಿ
ಇಸ್ತ್ರಿ ಮೇಜಿನ ಕಡೆಗೇ ಜಾರುತ್ತದೆ.
ಅವನ ಮುಂದಿನ ತಪಾಸಣೆ ನವೆಂಬರ್ ಎಂಟಕ್ಕೆ.
ಅಷ್ಟರೊಳಗೆ ಹೇಳಬೇಕು.

ಏಸಿ ಹಾಕಿದೆ. ಬೆವರು ಆರತೊಡಗಿತು.
ಮದುವೆಯಾದಂದಿನಿಂದ ಅವನ ಎಡಕ್ಕೆ ಕೂರುವವಳು
ಎದ್ದು ಬಲಕ್ಕೆ ಬಂದು ಕೂತೆ.
"ಯಾಕ, ಆ ಕಡಿ ಬಿಟ್ಟಿ?"
"ಈ ಕಡಿ ಗಾಳಿ ಛಲೋ ಬರ್ತೈತಿ," ಅಂದೆ,
ದನಿ ಏರಿಸದೆ.