ಒಂದೇ ಕಡೆ ತೆರೆವ ಕವಾಟ

ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ಗೋಣಿ ಹಾಸಿ ರಬ್ಬರು ಗೊಂಬೆ ಮಲಗಿಸಿದೆ.
"ಬಾಯಿಗೆ ಬಾಯಿನಾ ಸಿಸ್ಟರ್?"
ಮೆಹರುನ್ನೀಸಾ ಸೆರಗು ಕಚ್ಚಿದಳು,
ಹುಡುಗರು ಕಿಸಕ್ಕೆಂದರು.

ಅಂಗೈಯಗಲದ ಮಾಸ್ಕು ತೋರಿಸಿದೆ:
ನಡುವೆ ಪುಟ್ಟ ಕವಾಟ,
ಹೋದ ಉಸಿರು ಹಿಂದಿರುಗದು.
ತಲೆ ಹಿಂದಕ್ಕೆ, ಗದ್ದ ಮೇಲಕ್ಕೆ,
ಮೂಗು ಬಾಯಿ ಎರಡೂ ಒಳಗಿರಲಿ,
ಅಂಚು ಬಿಗಿಯಾಗಿ ಒತ್ತು.
ಮೂವತ್ತು ಸಲ ಎದೆ ಅದುಮು, ಎರಡು ಸಲ ಊದು.
ಸಾಕು, ಬಲೂನಲ್ಲ ಅದು.
ಎದೆ ಏಳುತ್ತದಾ ನೋಡು.

ಗೊಂಬೆಯ ಎದೆ ಎದ್ದಾಗ
ಯಾರೂ ನಗಲಿಲ್ಲ.
ಬಾಣಲೆಯ ಕಾದ ಮರಳಲ್ಲಿ
ಚಿಟಪಟ ಅಕ್ಕಿ ಅರಳುತ್ತಿತ್ತು.

ಆಮೇಲೊಂದು ಮಂಗಳವಾರ
ತೂಕದ ಕಲ್ಲು ಕೈಯಲ್ಲಿದ್ದಂತೆಯೇ ಕುಸಿದ
ಅಕ್ಕಿ ದಲಾಲಿ ಪಂಚಾಕ್ಷರಯ್ಯ,
ಈ ಓಣಿಗೆ ಬಂದರೆ
ನೀರಿಗೂ ಮನೆಯ ತಂಬಿಗೆ ತರುವವನು.

ಆಂಬುಲೆನ್ಸು ಹೊಂಡದ ಸರ್ಕಲ್ ದಾಟುವವರೆಗೆ
ಹುಡುಗರು ಅದುಮಿದರು, ಅವಳು ಊದಿದಳು.
ಹೊಗೆ ಕುಡಿದ ಅವಳುಸಿರು
ಅವನ ವಿಭೂತಿಯೆದೆಯನ್ನು
ಬೆರಳಗಲ ಎತ್ತಿತು, ಇಳಿಸಿತು,
ಎತ್ತಿತು.

ಇವತ್ತು ಹೊಸ ಕವಾಟ ಕೇಳಲು ಬಂದಿದ್ದಾಳೆ.
ಹಳೆಯದರಲ್ಲಿ ಎಲೆಯಡಿಕೆ ಕಲೆ.
"ಯಜಮಾನ್ರು ಆರಾಮದಾರೆ ಸಿಸ್ಟರ್,
ನಿನ್ನೆ ಭಟ್ಟಿಗೂ ಬಂದಿದ್ರು."
ತಡೆದು, ಹುಬ್ಬಿನ ಬೂದಿ ಒರೆಸಿಕೊಂಡು,
"ತಂಬಿಗೆ ತಂದಿದ್ರು."